ಬೇಲಿಫ್ ಫೀ ಅಂದ್ರೇನು? ಇಂಗ್ಲೆಂಡಲ್ಲಿ ಕೋರ್ಟ್ ದಂಡ ಬಾಕಿ ಉಳಿದವರಿಗೆ

2023ರಲ್ಲಿ ಒಂದು ಸಂಜೆ ಫ್ರೆಂಡ್ ಒಬ್ಬ ಫೋನ್ ಮಾಡ್ದ, ಹಾಸನದ ಹುಡುಗ, ಇಂಗ್ಲೆಂಡಲ್ಲಿ ಕೆಲಸ. "ಗುರು, ಬಾಗಿಲ ಸಂದಿಲಿ ಯಾರೋ ಒಂದು ಕಾಗದ ತೂರಿಸಿ ಹೋಗವ್ರೆ, ಬೇಲಿಫ್ ಅಂತೆ ಕಣೋ, 1324 ಪೌಂಡ್ ಕಟ್ಬೇಕಂತೆ, ನಾನೇನ್ ಮಾಡಿದೀನಿ?" ಫೋಟೋ ಕಳ್ಸು ಅಂದೆ. ಲೆಕ್ಕ ಹೀಗಿತ್ತು: ದಂಡ 660, ಅದರ ಮೇಲೆ ಸರ್ಚಾರ್ಜ್ 264, ಕೋರ್ಟ್ ಖರ್ಚು 90. ಇಲ್ಲಿಗೆ 1014. ಕೆಳಗೆ ಇನ್ನೆರಡು ಸಾಲು, 75 ಮತ್ತು 235. ಈ ಕೊನೇ ಎರಡು ಸಾಲೇ ಬೇಲಿಫ್ ಫೀ.

ಬೇಲಿಫ್ ಅಂದ್ರೆ ನಮ್ಮೂರಲ್ಲಿ ಕೋರ್ಟಿಂದ ಜಪ್ತಿಗೆ ಬರೋ ಅಮೀನ ಇದಾನಲ್ಲ, ಹೆಚ್ಚುಕಮ್ಮಿ ಅವನೇ. ಆದ್ರೆ ಅಮೀನ ಕೋರ್ಟ್ ನೌಕರ, ಸಂಬಳ ಕೋರ್ಟಿಂದ ಬರತ್ತೆ. ಇಂಗ್ಲೆಂಡ್, ವೇಲ್ಸ್ ಕಡೆ ದಂಡ ವಸೂಲಿಗೆ ಬರೋರು ಸಾಮಾನ್ಯವಾಗಿ ಪ್ರೈವೇಟ್ ಕಂಪನಿ ಜನ, ಕೌಂಟಿ ಕೋರ್ಟಿನ ಸರ್ಟಿಫಿಕೇಟ್ ಇಟ್ಕೊಂಡಿರ್ತಾರೆ, ಕಾನೂನಲ್ಲಿ ಅವರ ಹೆಸರು ಎನ್ಫೋರ್ಸ್‌ಮೆಂಟ್ ಏಜೆಂಟ್. ಇವರ ಖರ್ಚು ಯಾರ ತಲೆ ಮೇಲೆ? ದಂಡ ಕಟ್ಟಬೇಕಾದವನ ತಲೆ ಮೇಲೇ.

ಹಾಗಂತ ಬಾಯಿಗೆ ಬಂದಷ್ಟು ಕೇಳೋ ಹಾಗಿಲ್ಲ. 2014ರ ಏಪ್ರಿಲಿಂದ ರೇಟ್ ಫಿಕ್ಸ್, ಹಂತಹಂತವಾಗಿ ಏರತ್ತೆ. ಕೇಸ್ ಕಂಪನಿ ಕೈಗೆ ಹೋದ ತಕ್ಷಣ 75 ಪೌಂಡ್. ಮನೆ ಬಾಗಿಲಿಗೆ ಬರೋ ಹಂತಕ್ಕೆ ಹೋದ್ರೆ ಇನ್ನೂ 235. ಸಾಮಾನು ಎತ್ಕೊಂಡೋಗಿ ಹರಾಜು ಹಾಕೋ ಹಂತಕ್ಕೆ ಮತ್ತೆ 110. ಬಾಕಿ 1500 ದಾಟಿದ್ರೆ, ದಾಟಿದ ಭಾಗದ ಮೇಲೆ ಕೊನೇ ಎರಡು ಹಂತದಲ್ಲೂ ಏಳೂವರೆ ಪರ್ಸೆಂಟ್ ಬೇರೆ. ಇದು 2014ರ ನಿಯಮದಲ್ಲಿಟ್ಟ ರೇಟು, ನಿಮಗೆ ಬಂದ ನೋಟಿಸಲ್ಲಿರೋ ಅಂಕಿನ ಈಗಿನ ನಿಯಮದ ಜೊತೆ ಹೋಲಿಸಿ ನೋಡಿ.

75ರಿಂದ 235ಕ್ಕೆ ಇರೋ ಹಾರಿಕೆ ಗಮನಿಸಿ. ಬಾಗಿಲಿಗೆ ಬರೋ ಮುಂಚೆ ಒಂದು ನೋಟಿಸ್ ಕಳಿಸಲೇಬೇಕು, ಪೂರ್ತಿ ಏಳು ದಿನ ಟೈಮ್ ಕೊಡಬೇಕು. ಆ ಏಳು ದಿನದಲ್ಲಿ ಫೋನ್ ಮಾಡಿ ತಿಂಗಳಿಗೆ ಇಷ್ಟು ಕಟ್ತೀನಿ ಅಂತ ಒಪ್ಪಿಸಿ ಕಂತು ಸರಿಯಾಗಿ ಕಟ್ಟಿದ್ರೆ 75ಕ್ಕೇ ಮುಗಿಯತ್ತೆ. ಹೆದರ್ಕೊಂಡು ಕವರ್ ಒಡೀದೆ ಫ್ರಿಜ್ ಮೇಲೆ ಇಟ್ಟವರನ್ನ ನಾನು ನೋಡಿದೀನಿ, ಅವರ ಮೇಲೆ ಕೋಪ ಬರಲ್ಲ ನಂಗೆ, ಸಂಕಟ ಆಗತ್ತೆ, ಯಾಕಂದ್ರೆ ಆ ಒಂದು ವಾರಕ್ಕೆ 235 ಪೌಂಡ್ ಬೆಲೆ. ಇನ್ನೂ ಕೇಸ್ ಕೋರ್ಟಲ್ಲೇ ಇದ್ರೆ ಫೈನ್ಸ್ ಆಫೀಸರ್‌ಗೆ (ದಂಡ ವಸೂಲಿ ನೋಡ್ಕೊಳ್ಳೋ ಕೋರ್ಟ್ ಅಧಿಕಾರಿ) ಹೇಳಿ ಕಂತು ಮಾಡ್ಕೊಳ್ಳಿ, ಆಗ ಈ ಫೀ ಪ್ರಶ್ನೇನೇ ಇಲ್ಲ.

ಕೆಲವರು ಬರೀ ದಂಡದ ದುಡ್ಡನ್ನ ಕೋರ್ಟಿಗೆ ನೇರ ಕಟ್ಬಿಡಿ, ಫೀ ತಪ್ಪತ್ತೆ ಅಂತಾರೆ. ಇಲ್ಲ, ಫೀ ತಪ್ಪೋದಿಲ್ಲ. 2007ರ ಕಾನೂನಿನ ಪ್ರಕಾರ ಬಾಕಿ ಅಂದ್ರೆ ಸಾಲ ಪ್ಲಸ್ ವಸೂಲಿ ಖರ್ಚು, ಎರಡೂ ಸೇರಿ. ಇನ್ನೊಂದು ಮಾತು, "ಬಾಗಿಲು ತೆಗೀಬೇಡ, ಅವರು ಒಡೆಯೋ ಹಾಗಿಲ್ಲ" ಅನ್ನೋದು. ಕೌನ್ಸಿಲ್ ಟ್ಯಾಕ್ಸ್ (ನಮ್ಮ ಮನೆ ಕಂದಾಯದ ಥರದ್ದು) ಬಾಕಿಗೆ ಮೊದಲ ಸಲ ಬಂದಾಗ ಅದು ನಿಜ, ಆದ್ರೆ ಕ್ರಿಮಿನಲ್ ಕೋರ್ಟಿನ ದಂಡ ಆದ್ರೆ ಕಡೇ ಉಪಾಯವಾಗಿ ಬೀಗ ತೆಗೆಸಿ ಒಳಗೆ ಬರೋ ಅಧಿಕಾರ ಅವರಿಗಿದೆ. ಈ ವ್ಯತ್ಯಾಸ ಗೊತ್ತಿಲ್ದೆ ಧೈರ್ಯ ಹೇಳ್ಬೇಡಿ ಯಾರಿಗೂ.

ಹಾಗಂತ ಅವರಿಗೂ ಕಟ್ಟುಪಾಡಿದೆ. ಸಾಮಾನ್ಯವಾಗಿ ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರ ಒಳಗೇ ಬರಬೇಕು, ಮನೇಲಿ 16 ವರ್ಷದೊಳಗಿನ ಮಕ್ಕಳು ಮಾತ್ರ ಇದ್ರೆ ಒಳಗೆ ಬರೋ ಹಾಗಿಲ್ಲ, ಒಲೆ, ಫ್ರಿಜ್, ವಾಷಿಂಗ್ ಮೆಷಿನ್ ಮುಟ್ಟೋ ಹಾಗಿಲ್ಲ, ಕೆಲಸಕ್ಕೆ ಬೇಕಾದ ಸಾಮಾನು 1350 ಪೌಂಡ್ ತನಕ ಬಿಡಬೇಕು. ಕಾಯಿಲೆ ಇರೋರು, ಬಾಣಂತಿ, ಭಾಷೆ ಬರದೆ ಒದ್ದಾಡೋರು, ಇಂಥವರು ಮೊದಲೇ ಹೇಳಿ, ಯಾಕಂದ್ರೆ ವಲ್ನರಬಲ್ ಅಂತ ಲೆಕ್ಕಕ್ಕೆ ಬಂದ್ರೆ, ಸಹಾಯ ಪಡೆಯೋಕೆ ಸರಿಯಾದ ಅವಕಾಶ ಕೊಡದೆ ಹಾಕಿದ 235ನ ವಸೂಲಿ ಮಾಡೋ ಹಾಗಿಲ್ಲ. ಸಲಹೆ ಕೊಡೋ ಸಿಟಿಜನ್ಸ್ ಅಡ್ವೈಸ್, ನ್ಯಾಷನಲ್ ಡೆಟ್‌ಲೈನ್ ಎರಡೂ ಫ್ರೀ, ನಾಚಿಕೊಳ್ದೆ ಫೋನ್ ಮಾಡಿ.

ಇನ್ನು ನಮ್ಮ ಹುಡುಗನ ಕಥೆ. ಅವನು ಮನೆ ಬದಲಾಯಿಸಿದ್ದ, ಕಾರಿನ ಲಾಗ್‌ಬುಕ್ಕಲ್ಲಿ (ನಮ್ಮ ಆರ್‌ಸಿ ಥರದ್ದು) ಹಳೇ ಅಡ್ರೆಸ್ಸೇ ಇತ್ತು. ಎಲ್ಲೋ ಸ್ಪೀಡ್ ಕ್ಯಾಮೆರಾಗೆ ಸಿಕ್ಕಿದಾನೆ, ಗಾಡಿ ಓಡಿಸ್ತಿದ್ದವರು ಯಾರು ಅಂತ ಪೊಲೀಸರು ಕೇಳಿದ ಕಾಗದ ಹಳೇ ಮನೆಗೆ, ಅದಕ್ಕೆ ಉತ್ತರ ಬರದೆ ಹಾಕಿದ ಕೇಸಿನ ಕಾಗದಾನೂ ಹಳೇ ಮನೆಗೆ, ಕೊನೆಗೆ ಸಿಂಗಲ್ ಜಸ್ಟೀಸ್ ಪ್ರೊಸೀಜರ್‌ನಲ್ಲಿ ಒಬ್ಬರೇ ಮ್ಯಾಜಿಸ್ಟ್ರೇಟ್ ಕಾಗದ ನೋಡಿ, ಇವನ ಸಂಬಳ ಗೊತ್ತಿಲ್ಲದ್ರಿಂದ ವಾರಕ್ಕೆ 440 ಪೌಂಡ್ ಅಂತ ಹಿಡ್ಕೊಂಡು, ಅದರ ಒಂದೂವರೆ ಪಟ್ಟು 660 ಹಾಕಿದಾರೆ. ಅವನಿಗೆ ಕೇಸ್ ಇದೆ ಅಂತಾನೇ ಗೊತ್ತಿಲ್ಲ.

ಇಂಥ ಕೇಸಲ್ಲಿ ಬೇಲಿಫ್ ಜೊತೆ ಚೌಕಾಸಿ ಮಾಡಿ ಪ್ರಯೋಜನ ಇಲ್ಲ, ಕೋರ್ಟಿಗೇ ಹೋಗಬೇಕು. ಕೇಸಿನ ವಿಷಯ ಗೊತ್ತಾದ 21 ದಿನದೊಳಗೆ "ನನಗೆ ಈ ಕೇಸ್ ಗೊತ್ತೇ ಇರಲಿಲ್ಲ" ಅಂತ ಪ್ರಮಾಣ ಮಾಡಿ ಬರ್ಕೊಡೋಕೆ ಸ್ಟ್ಯಾಚುಟರಿ ಡಿಕ್ಲರೇಷನ್ ಅಂತಾರೆ, ಸಿಂಗಲ್ ಜಸ್ಟೀಸ್ ಪ್ರೊಸೀಜರ್ ಕೇಸಾದ್ರೆ 1980ರ ಮ್ಯಾಜಿಸ್ಟ್ರೇಟ್ಸ್ ಕೋರ್ಟ್ಸ್ ಆಕ್ಟ್ 16E ಸೆಕ್ಷನ್. ಅದು ಸ್ವೀಕಾರ ಆದ್ರೆ ತೀರ್ಪು ಬಿದ್ದೋಗತ್ತೆ, ಅದರ ಮೇಲೆ ನಿಂತಿದ್ದ ವಸೂಲಿ ವಾರಂಟೂ ಬಿದ್ದೋಗತ್ತೆ, ಕೇಸ್ ಮೊದಲಿಂದ ಶುರು. ಸುಳ್ಳು ಹೇಳಿದ್ರೆ ಮಾತ್ರ ಅದೇ ದೊಡ್ಡ ಅಪರಾಧ.

ಅವನು ಹದಿನಾಲ್ಕನೇ ದಿನ ಹೋಗಿ ಪ್ರಮಾಣ ಮಾಡ್ದ. ಆ ಪೇಪರ್ ಕಾಪಿನ ಕಂಪನಿಗೆ ಕಳಿಸಿದ ಮೇಲೆ 310 ಪೌಂಡ್ ಫೀ ಕೇಳೋದು ನಿಂತೋಯ್ತು. ಸ್ಪೀಡಿಂಗ್ ತಪ್ಪು ಒಪ್ಕೊಂಡ, ಲೈಸೆನ್ಸ್ ಮೇಲೆ ಮೂರು ಪೆನಾಲ್ಟಿ ಪಾಯಿಂಟು, ಮೊದಲಿಗಿಂತ ಸಣ್ಣ ದಂಡ. ಅವತ್ತೇ ಸಂಜೆ ಲಾಗ್‌ಬುಕ್ ಅಡ್ರೆಸ್ ಆನ್‌ಲೈನಲ್ಲಿ ಬದಲಾಯಿಸ್ದ, ಅದಕ್ಕೆ ಒಂದು ಪೈಸಾನೂ ಖರ್ಚಾಗಲಿಲ್ಲ.