ಬಂಗಲೆಯವರ ಬೆಕ್ಕು, ಸಿಪಾಯಿಗಳ ಫ್ರೀಡಾ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಶಗ್‌ಬರೋ ಹಾಲ್ ಅಂತ ಒಂದು ದೊಡ್ಡ ಬಂಗಲೆ ಇದೆ, ಲಿಚ್‌ಫೀಲ್ಡ್ ಅರ್ಲ್ ಅನ್ನೋ ಬಿರುದಿನ ಮನೆತನದ್ದಾಗಿತ್ತು. ಅದರ ತೋಟದಲ್ಲಿ 18ನೇ ಶತಮಾನದಲ್ಲೇ ಒಂದು ಬೆಕ್ಕಿಗೆ ಸ್ಮಾರಕ ಕಟ್ಸಿದಾರೆ. ಮನೆತನದ ಅಡ್ಮಿರಲ್ ಜಾರ್ಜ್ ಆನ್ಸನ್ ಹಡಗಲ್ಲಿ ಭೂಮಿ ಸುತ್ತಿ ಬಂದೋನು, ಆ ಬೆಕ್ಕೂ ಜೊತೆಗೆ ಸುತ್ತಿತ್ತು ಅಂತ ಒಂದು ಕಥೆ, ಅಲ್ಲ ಅದು ಅವನ ಅಣ್ಣ ಸಾಕಿದ್ದು ಅಂತ ಇನ್ನೊಂದು. ನನಗೆ ಹಡಗಿನ ಕಥೆನೇ ಇಷ್ಟ.

ಅದೇ ಎಸ್ಟೇಟಿಗೆ ಸೇರಿದ್ದ ಕ್ಯಾನಕ್ ಚೇಸ್ ಬಯಲಲ್ಲಿ ಫ್ರೀಡಾ ಅನ್ನೋ ಒಂದು ನಾಯಿಯ ಸಮಾಧಿನೂ ಇದೆ, ಇದು ಮಾತ್ರ ಸಿಪಾಯಿಗಳು ಮಾಡಿದ್ದು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಲಕ್ಷಗಟ್ಲೆ ಹುಡುಗರು ಸೇನೆ ಸೇರಿದಾಗ ಅವರಿಗೆ ಟ್ರೇನಿಂಗ್ ಕೊಡೋಕೆ ಜಾಗನೇ ಇರ್ಲಿಲ್ಲ, ಆಗ ಅರ್ಲ್ ಸಾಹೇಬ್ರು ಒಪ್ಪಿ ಈ ಬಯಲಲ್ಲಿ ಬ್ರಾಕ್ಟನ್, ರೂಜ್ಲಿ ಅಂತ ಎರಡು ಕ್ಯಾಂಪ್ ಎದ್ವು. ಮರದ ಶೆಡ್ಡು, ಆಸ್ಪತ್ರೆ, ಸ್ವಂತ ರೈಲ್ವೆ ಲೈನು, ಒಂದೊಂದ್ಸಲ 40,000 ಜನ, ಒಟ್ನಲ್ಲಿ ಒಂದು ಊರೇ.

1917ರ ಸೆಪ್ಟೆಂಬರಲ್ಲಿ ಬ್ರಾಕ್ಟನ್‌ಗೆ ನ್ಯೂಜಿಲೆಂಡ್ ರೈಫಲ್ ಬ್ರಿಗೇಡ್‌ನ ರಿಸರ್ವ್ ಪಡೆ ಬಂತು. ಫ್ರೀಡಾ ಇವರ ಮ್ಯಾಸ್ಕಾಟ್, ಅಂದ್ರೆ ಅದೃಷ್ಟ ತರುತ್ತೆ ಅಂತ ಪಡೆ ಸಾಕ್ಕೊಂಡ ಪ್ರಾಣಿ. ಡಾಲ್ಮೇಷಿಯನ್ ಅಂತಾರೆ ಕೆಲವರು, ಕಪ್ಪು ಚುಕ್ಕೆಯ ಗ್ರೇಟ್ ಡೇನ್ ಅಂತಾರೆ ಕೆಲವರು, ಜಗಳ ಇನ್ನೂ ಮುಗಿದಿಲ್ಲ. ಮ್ಯಾಸ್ಕಾಟ್ ಅಂದ್ರೆ ಬರೀ ಪರೇಡಿನ ಶೋಕಿ ಅನ್ಕೋಬೇಡಿ. ಮನೆ ಬಿಟ್ಟು ಸುಮಾರು 18,000 ಕಿಲೋಮೀಟರ್ ದೂರ ಬಂದು, ಮಳೆ ಗಾಳಿಯಲ್ಲಿ ಶೆಡ್ಡಲ್ಲಿ ಮಲಗೋ ಹುಡುಗರಿಗೆ ಆರ್ಡರ್ ಕೊಡದೆ ಹತ್ರ ಬರೋ ಜೀವ ಅಂದ್ರೆ ಅದೊಂದೇ ಇದ್ದಿರಬೇಕು.

ಈ ಬ್ರಿಗೇಡಿನವರೇ 1918ರಲ್ಲಿ, 1917ರ ಜೂನಲ್ಲಿ ತಾವು ಕಾದಾಡಿದ್ದ ಬೆಲ್ಜಿಯಂನ ಮೆಸಿನ್ ಹಳ್ಳಿಯ ಮಾದರಿನ ಜರ್ಮನ್ ಕೈದಿಗಳ ಕೈಲಿ ನೆಲದ ಮೇಲೆ ಕಟ್ಸಿದ್ರು, ರಸ್ತೆ, ಟ್ರೆಂಚು, ಮನೆ ಎಲ್ಲಾ ಪುಟ್ಟಪುಟ್ಟದಾಗಿ. 2013ರಲ್ಲಿ ಅದನ್ನ ಅಗೆದು, ಸ್ಕ್ಯಾನ್ ಮಾಡಿ, ಹಾಳಾಗಬಾರ್ದು ಅಂತ ಮತ್ತೆ ಮುಚ್ಚಿದ್ರು.

ಫ್ರೀಡಾ ಸತ್ತಿದ್ದೂ 1918ರಲ್ಲೇ. ಅದೇ ವರ್ಷ ಬಂದ ಫ್ಲೂಗೆ ಕ್ಯಾಂಪಲ್ಲಿ ಎಷ್ಟೋ ನ್ಯೂಜಿಲೆಂಡ್ ಹುಡುಗರೂ ಹೋದ್ರು, ಅವರ ಸಮಾಧಿ ಸಾಲು ಅಲ್ಲೇ ಯುದ್ಧ ಸ್ಮಶಾನದಲ್ಲಿದೆ. ಯುದ್ಧ ಮುಗಿದ್ಮೇಲೆ ಕ್ಯಾಂಪ್ ಕಿತ್ತು ಶೆಡ್ಡುಗಳನ್ನ ಮಾರಿದ್ರು, ಒಂದು ಯಾವ್ದೋ ಹಳ್ಳಿಯ ಸಭಾಭವನ ಆಗಿ ಉಳ್ಕೊಂಡಿತ್ತು, ಈಗ ಅದನ್ನ ಚೇಸ್‌ಗೇ ವಾಪಸ್ ತಂದು ನಿಲ್ಲಿಸಿದಾರೆ. ಫ್ರೀಡಾ ಕಲ್ಲಿನ ಕೆಳಗೆ ಅಲ್ಲೇ ಇದೆ, ಕತ್ತುಪಟ್ಟಿ ಮಾತ್ರ ಹುಡುಗರ ದೇಶಕ್ಕೆ ಹೋಗಿ ವೈಯೂರು ಊರಿನ ಸೇನಾ ಮ್ಯೂಸಿಯಂ ಸೇರಿದೆ.