ಎಳೆಯುವ ಚಕ್ರ, ತಳ್ಳುವ ಚಕ್ರ

2010ರಲ್ಲಿ ಬಿಎಂಡಬ್ಲ್ಯು ಕಂಪನಿಯ ಆಗಿನ ಮುಖ್ಯಸ್ಥ ನಾರ್ಬರ್ಟ್ ರೈಟ್‌ಹೋಫರ್ ಒಂದು ಲೆಕ್ಕ ಹೇಳಿದರು. ತಮ್ಮ ಸಣ್ಣ ಕಾರು 1 ಸೀರೀಸ್ ಓಡಿಸುವವರಲ್ಲಿ ನೂರಕ್ಕೆ 80 ಮಂದಿ ಅದು ಫ್ರಂಟ್ ವೀಲ್ ಡ್ರೈವ್ ಎಂದೇ ತಿಳಿದಿದ್ದಾರೆ ಅಂತ. ಆದರೆ ಆಗ ಆ ಕಾರು ಓಡುತ್ತಿದ್ದುದು ಹಿಂದಿನ ಚಕ್ರದ ಬಲದಿಂದ. ಆ ಗಾತ್ರದ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಾಗೆ ಓಡುತ್ತಿದ್ದುದು ಅದೊಂದೇ. ಅಭಿಮಾನಿಗಳು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದುದೂ ಅದನ್ನೇ.

ನಾಲ್ಕು ವರ್ಷ ಬಿಟ್ಟು, 2014ರಲ್ಲಿ 2 ಸೀರೀಸ್ ಆಕ್ಟಿವ್ ಟೂರರ್ ಬಂತು. ಬಿಎಂಡಬ್ಲ್ಯು ಹೆಸರಿನಲ್ಲಿ ಬಂದ ಮೊದಲ ಫ್ರಂಟ್ ವೀಲ್ ಡ್ರೈವ್ ಕಾರು ಅದು. ಎತ್ತರದ ಮೈ, ಚಿಕ್ಕ ಮೂಗು. 2019ರಲ್ಲಿ 1 ಸೀರೀಸ್ ಕೂಡ ಅದೇ ದಾರಿ ಹಿಡಿಯಿತು. ಅಭಿಮಾನಿಗಳು ಸಿಟ್ಟಾದರು. ಕಂಪನಿ ತನ್ನನ್ನೇ ಮಾರಿಕೊಂಡಿತು, ಇನ್ನು ಇದು ಬಿಎಂಡಬ್ಲ್ಯುವೇ ಅಲ್ಲ, ಅಂದರು. ಮುಂದಿನ ಚಕ್ರ ಎಳೆದರೆ ಕಾರು ಕೀಳು, ಹಿಂದಿನ ಚಕ್ರ ತಳ್ಳಿದರೆ ಮೇಲು ಅನ್ನುವುದು ಇವರ ಎಣಿಕೆ. ನನಗೆ ಇದು ಜಾತಿಯ ಮಾತಿನ ಹಾಗೆ ಕೇಳಿಸುತ್ತದೆ. ಯಾಕೆ ಮೇಲು, ಎಷ್ಟು ಮೇಲು ಅಂತ ಯಾರೂ ಅಳೆಯುವುದಿಲ್ಲ. ಅಳೆದು ನೋಡಿದರೆ ಅವರ ಮಾತಿನಲ್ಲಿ ಒಂದಿಷ್ಟು ನಿಜ ಸಿಗುತ್ತದೆ. ಬಹಳಷ್ಟು ಸುಮ್ನೆ ನಂಬಿಕೆ.

ಎಲ್ಲ ಕತೆಯೂ ಟೈರಿನದು. ಒಂದು ಟೈರು ನೆಲಕ್ಕೆ ತಾಗುವುದು ಅಂಗೈ ಅಗಲದಷ್ಟು ಜಾಗದಲ್ಲಿ. ಅಲ್ಲಿನ ಹಿಡಿತಕ್ಕೆ ಒಂದು ಮಿತಿ ಇದೆ. ಎಳೆಯುವುದು, ನಿಲ್ಲಿಸುವುದು, ತಿರುಗಿಸುವುದು, ಎಲ್ಲಕ್ಕೂ ಅದೇ ಹಿಡಿತ ಸಾಲಬೇಕು. ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಮುಂದಿನ ಟೈರೇ ಎಳೆಯಬೇಕು, ಅದೇ ತಿರುಗಬೇಕು. ಎರಡೂ ಕೈಯಲ್ಲಿ ತುಂಬಿದ ಕೊಡ ಹಿಡಿದವರಿಗೆ ಬಾಗಿಲ ಚಿಲಕ ತೆಗಿ ಅಂದ ಹಾಗೆ. ಅಭಿಮಾನಿಗಳ ತಕರಾರು ಇಷ್ಟೇ, ಮತ್ತು ಇದು ಸರಿಯಾದ ತಕರಾರೇ.

ಆದರೆ ಇಲ್ಲಿ ಒಂದು ಚಂದದ ಸಂಗತಿ ಇದೆ. ಹಿಡಿತದಲ್ಲಿ 30 ಪಾಲು ಎಳೆಯಲು ಹೋದರೆ ತಿರುಗಲು ಉಳಿಯುವುದು 70 ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಿಲ್ಲ. ಎಳೆತ ಕಾರಿನ ಉದ್ದಕ್ಕೆ, ತಿರುವಿನ ಬಲ ಅಡ್ಡಕ್ಕೆ. ಒಂದಕ್ಕೊಂದು ಲಂಬವಾಗಿರುವ ಬಲಗಳು ಕೂಡುವುದು ಪೈಥಾಗೊರಸನ ಲೆಕ್ಕದಲ್ಲಿ. ಶಾಲೆಯಲ್ಲಿ ಕಲಿತ ಆ ಲಂಬಕೋನ ತ್ರಿಭುಜ ನೆನಪಿಸಿಕೊಳ್ಳಿ. ದೊಡ್ಡ ಬಾಹು ಹಿಡಿತದ ಮಿತಿ, ಉಳಿದೆರಡು ಬಾಹು ಎಳೆತ ಮತ್ತು ತಿರುವು. ನೂರರಲ್ಲಿ 30 ಎಳೆಯಲು ಹೋದರೂ ತಿರುಗಲು ಸುಮಾರು 95 ಉಳಿಯುತ್ತದೆ. 60 ಹೋದರೆ 80 ಉಳಿಯುತ್ತದೆ. 90 ಹೋದಾಗ ಮಾತ್ರ 44ಕ್ಕೆ ಕುಸಿಯುತ್ತದೆ. ಅಂದರೆ ದಿನದಿನದ ಓಡಾಟದಲ್ಲಿ ಮುಂದಿನ ಟೈರು ಕಳೆದುಕೊಳ್ಳುವುದು ಏನೂ ಇಲ್ಲ ಅನ್ನುವಷ್ಟು ಕಡಿಮೆ. ತಿರುವಿನಲ್ಲಿ ಎಕ್ಸಲರೇಟರ್ ಪೂರ್ತಿ ತುಳಿದಾಗ ಮಾತ್ರ ಲೆಕ್ಕ ಒಮ್ಮೆಗೇ ಕೆಡುತ್ತದೆ. ಆಗ ಕಾರು ಸ್ಟೇರಿಂಗ್ ಮಾತು ಕೇಳದೆ ತಿರುವಿನ ಹೊರಕ್ಕೆ ಜಾರುತ್ತದೆ. ರೈಟ್‌ಹೋಫರ್ ಹೇಳಿದ ಆ 80 ಮಂದಿಗೆ ತಮ್ಮ ಕಾರಿನ ಗುಟ್ಟು ತಿಳಿಯದೇ ಹೋದದ್ದಕ್ಕೆ ಈ ತ್ರಿಭುಜವೂ ಒಂದು ಕಾರಣ. ಅವರು ಆ 90ರ ಹತ್ತಿರ ಹೋಗಿರುವುದೇ ಇಲ್ಲ.

ಇದಕ್ಕೆ ತೂಕದ ಲೆಕ್ಕವನ್ನೂ ಸೇರಿಸಬೇಕು. ವೇಗ ಏರುವಾಗ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ. 1500 ಕಿಲೋ ತೂಕದ ಒಂದು ಕಾರು ತೆಗೆದುಕೊಳ್ಳಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.7 ಮೀಟರ್, ತೂಕದ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲೆ. ಒಂಬತ್ತೂವರೆ ಸೆಕೆಂಡಿನಲ್ಲಿ 100 ಕಿ.ಮೀ. ವೇಗ ಮುಟ್ಟುವಂತೆ ಅದನ್ನು ಓಡಿಸಿದರೆ, ಸುಮಾರು 90 ಕಿಲೋ ಭಾರ ಮುಂದಿನ ಚಕ್ರ ಬಿಟ್ಟು ಹಿಂದಿನದಕ್ಕೆ ಹೋಗುತ್ತದೆ. ಮುಂದೆ 900 ಕಿಲೋ ಇದ್ದದ್ದು 810 ಆಯಿತು. ಇಷ್ಟಕ್ಕೆ ಏನೂ ತೊಂದರೆ ಇಲ್ಲ. ಇನ್ನೂ ಜೋರಾಗಿ ನುಗ್ಗಿಸಿದರೆ ಹೆಚ್ಚು ಭಾರ ಹಿಂದೆ ಹೋಗುತ್ತದೆ, ಎಳೆಯಬೇಕಾದ ಟೈರೇ ಹಗುರಾಗುತ್ತದೆ. ಹಿಂದಿನ ಚಕ್ರ ತಳ್ಳುವ ಕಾರಿಗೆ ಇದೇ ಭಾರ ವರವಾಗುತ್ತದೆ.

ಇದನ್ನು ಬಿಎಂಡಬ್ಲ್ಯು ಎಂಜಿನಿಯರುಗಳೂ ಮರೆತಿಲ್ಲ. ಹಳೆಯ 1 ಸೀರೀಸ್‌ನ ಎಂ140ಐ ಮಾದರಿಯಲ್ಲಿ ಆರು ಸಿಲಿಂಡರಿನ 340 ಕುದುರೆಶಕ್ತಿ, ಹಿಂದಿನ ಚಕ್ರಕ್ಕೆ. ಅದರ ಜಾಗಕ್ಕೆ ಬಂದ ಎಂ135ಐನಲ್ಲಿ ನಾಲ್ಕು ಸಿಲಿಂಡರಿನ 306 ಕುದುರೆಶಕ್ತಿ. ಅದನ್ನು ಬರೀ ಮುಂದಿನ ಚಕ್ರಕ್ಕೆ ಕೊಡಲಿಲ್ಲ, ನಾಲ್ಕೂ ಚಕ್ರಕ್ಕೆ ಹಂಚಿದರು. 265 ಕುದುರೆಶಕ್ತಿಯ 128ಟಿಐ ಮಾತ್ರ ಮುಂದಿನ ಚಕ್ರದಲ್ಲೇ ನಿಂತಿತು, ಅದೂ ಜಾರುವ ಚಕ್ರದಲ್ಲಿ ಬಲ ಪೋಲಾಗದಂತೆ ತಡೆಯುವ ಒಂದು ವಿಶೇಷ ಡಿಫರೆನ್ಷಿಯಲ್ ಜೊತೆಗೆ. ಎಂ140ಐ ಹೋಯಿತಲ್ಲ ಅಂತ ಅಭಿಮಾನಿಗಳು ಮರುಗಿದರೆ ನಾನು ಅವರ ಪರ. ಅಂಥ ಎಂಜಿನ್ ಅಷ್ಟು ಚಿಕ್ಕ ಕಾರಿನಲ್ಲಿ ಮತ್ತೆ ಸಿಗುವುದು ಕಷ್ಟ. ಆದರೆ 1.5 ಲೀಟರಿನ ಮೂರು ಸಿಲಿಂಡರ್ ಎಂಜಿನ್ನಿನ ಕಾರಿಗೂ ಅದೇ ಶೋಕ ಆಚರಿಸುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಕಂಪನಿ ಪಡೆದದ್ದೇನು? ಜಾಗ. 2019ರ 1 ಸೀರೀಸ್ ಹಳೆಯದಕ್ಕಿಂತ 5 ಮಿಲಿಮೀಟರ್ ಗಿಡ್ಡ. ಮುಂದಿನ ಹಿಂದಿನ ಚಕ್ರಗಳ ಅಂತರವೂ 20 ಮಿಲಿಮೀಟರ್ ಕಡಿಮೆ. ಆದರೂ ಹಿಂದೆ ಕೂರುವವರ ಮಂಡಿಗೆ 33 ಮಿಲಿಮೀಟರ್ ಜಾಸ್ತಿ ಜಾಗ, ಡಿಕ್ಕಿಯಲ್ಲಿ 20 ಲೀಟರ್ ಜಾಸ್ತಿ. ಕಾರು ಕುಗ್ಗಿತು, ಒಳಗೆ ಹಿಗ್ಗಿತು! ಮೊದಲು ಎಂಜಿನ್ ಉದ್ದಕ್ಕೆ ಕೂರುತ್ತಿತ್ತು, ಅದರ ಬೆನ್ನಿಗೆ ಗೇರ್‌ಬಾಕ್ಸ್ ಬಂದು ಒಳಗಿನವರ ಜಾಗ ತಿನ್ನುತ್ತಿತ್ತು. ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸಿದರು, ಅಷ್ಟೇ. ಜೊತೆಗೆ ತನ್ನದೇ ಮಿನಿ ಕಾರಿಗೂ ಇದಕ್ಕೂ ಅಡಿಪಾಯ ಹಂಚಿಕೊಂಡು ಖರ್ಚೂ ಉಳಿಯಿತು.

ಮಿನಿ ಅಂದಾಗ ಹಳೆಯ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1956ರಲ್ಲಿ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಬರ ಬಂತು. ಸ್ಮಿರ್ನಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್, ಕೇವಲ ಹತ್ತು ಅಡಿ ಉದ್ದದಲ್ಲಿ ನಾಲ್ಕು ಜನ ಕೂರುವ ಕಾರು ಮಾಡಿದರು. ಅದೇ ಮಿನಿ. ಎಂಜಿನ್ ಅಡ್ಡಕ್ಕೆ, ಗೇರ್‌ಬಾಕ್ಸ್ ಅದರ ಕೆಳಗೆ, ಎರಡಕ್ಕೂ ಒಂದೇ ಆಯಿಲ್. 1959ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಇದ್ದ ಎರಡು ಹೆಸರುಗಳಲ್ಲಿ ಒಂದು ಆಸ್ಟಿನ್ ಸೆವೆನ್. ಈಗ ಇನ್ನೂ ಹಿಂದಕ್ಕೆ ಹೋಗಿ. ಬಿಎಂಡಬ್ಲ್ಯು 1928ರಲ್ಲಿ ಐಸೆನಾಖ್ ಊರಿನ ಕಾರ್ಖಾನೆ ಕೊಂಡು ಕಾರು ತಯಾರಿಕೆಗೆ ಇಳಿದಾಗ, ಕೈಗೆ ಬಂದ ಮೊದಲ ಕಾರು ಡಿಕ್ಸಿ. ಅದು ಬ್ರಿಟನ್ನಿನ ಹಳೆಯ ಆಸ್ಟಿನ್ ಸೆವೆನ್ ಕಾರನ್ನು ಲೈಸೆನ್ಸ್ ಪಡೆದು ಜರ್ಮನಿಯಲ್ಲಿ ಮಾಡಿದ್ದು! ಆಮೇಲೆ 1994ರಲ್ಲಿ ರೋವರ್ ಕಂಪನಿಯನ್ನು ಕೊಂಡು 2000ದಲ್ಲಿ ಮಾರುವಾಗ, ಮಿನಿಯನ್ನು ಮಾತ್ರ ಉಳಿಸಿಕೊಂಡರು. 2001ರಿಂದ ಬಿಎಂಡಬ್ಲ್ಯು ಫ್ರಂಟ್ ವೀಲ್ ಡ್ರೈವ್ ಮಿನಿಯನ್ನು ಮಾಡುತ್ತಲೇ ಇದೆ. ತಿರುವಿನಲ್ಲಿ ಅದು ಚುರುಕು ಅಂತ ಕಾರುಪ್ರಿಯರು ಹೊಗಳಿದ್ದಾರೆ. ಅದೇ ಎಂಜಿನಿಯರಿಂಗಿಗೆ ಬಿಎಂಡಬ್ಲ್ಯುವಿನ ನೀಲಿ ಬಿಳಿ ಲಾಂಛನ ಅಂಟಿಸಿದ ಕೂಡಲೇ ಮೈಲಿಗೆ ಹೇಗಾಯಿತು?

ಮುಂದಿನ ಚಕ್ರ ಎಳೆಯಬಲ್ಲದು ಅಂತ ಜನರಿಗೆ ಹಿಂದೆಯೇ ಗೊತ್ತಿತ್ತು. ಸಿಟ್ರೊಯೆನ್ 1934ರಲ್ಲೇ ಅಂಥ ಕಾರು ಮಾಡಿತ್ತು. ಕಷ್ಟ ಇದ್ದದ್ದು ಕೀಲಿನಲ್ಲಿ. ಮುಂದಿನ ಚಕ್ರ ಸುತ್ತುತ್ತಲೇ ಎಡಬಲಕ್ಕೆ ತಿರುಗಬೇಕು, ಆಕ್ಸೆಲ್ ನಡುವೆ ಮಡಚಬೇಕು. ಹಳೆಯ ಕಾಲದ ಹುಕ್ ಜಾಯಿಂಟ್ ಎಂಬ ಕೀಲು 30 ಡಿಗ್ರಿ ಮಡಚಿದಾಗ, ಎಂಜಿನ್ ಕಡೆಯ ತುದಿ ಒಂದೇ ಸಮ ಸುತ್ತಿದರೂ ಚಕ್ರದ ಕಡೆಯ ತುದಿ ಒಂದೇ ಸುತ್ತಿನಲ್ಲಿ ಎರಡು ಸಲ ನೂರಕ್ಕೆ 15ರಷ್ಟು ಮುಂದೋಡಿ, ಎರಡು ಸಲ 13ರಷ್ಟು ಹಿಂದೆ ಬೀಳುತ್ತದೆ. ಸ್ಟೇರಿಂಗ್ ಕೈಯಲ್ಲಿ ನಡುಗುತ್ತದೆ. ಆಲ್ಫ್ರೆಡ್ ಜೆಪ್ಪಾ 1920ರ ದಶಕದಲ್ಲಿ ಕಂಡುಹಿಡಿದ ಕೀಲಿನಲ್ಲಿ ಆರು ಉಕ್ಕಿನ ಗುಂಡುಗಳು ಬಾಗಿದ ತೋಡುಗಳಲ್ಲಿ ಉರುಳುತ್ತವೆ. ಆಕ್ಸೆಲ್ ಎಷ್ಟೇ ಮಡಚಲಿ, ಗುಂಡುಗಳು ಆ ಕೋನದ ನಟ್ಟನಡುವೆ ಬಂದು ನಿಲ್ಲುತ್ತವೆ. ಎರಡೂ ಬದಿಗೆ ಅವು ಸಮ ದೂರ, ಹಾಗಾಗಿ ಎರಡೂ ಬದಿಯ ವೇಗ ಸಮ. ನಿಮ್ಮ ಕಾರಿನಲ್ಲೂ ಬಹುಪಾಲು ಇದೇ ಜಾತಿಯ ಕೀಲು ಇರುತ್ತದೆ. ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದರೆ ಸುರುಳಿ ಸುರುಳಿಯಾದ ಕಪ್ಪು ರಬ್ಬರ್ ಬೂಟ್ ಕಾಣುತ್ತದೆ. ಅದು ಹರಿದರೆ ಗ್ರೀಸ್ ಸೋರಿ ಮಣ್ಣು ನುಗ್ಗುತ್ತದೆ, ಗುಂಡು ಸವೆಯುತ್ತದೆ. ಸ್ಟೇರಿಂಗ್ ಪೂರ್ತಿ ಎಳೆದು ತಿರುಗಿಸುವಾಗ ಟಕ್ ಟಕ್ ಅಂತ ಸದ್ದು ಬರುತ್ತದೆ. ಸದ್ದು ಕೇಳುವ ಮೊದಲೇ ಬೂಟ್ ಬದಲಿಸಿದರೆ ಅಗ್ಗದಲ್ಲಿ ಮುಗಿಯುತ್ತದೆ.

ಇದೇ ಜಗಳ ನಮ್ಮ ಬಿಡದಿಯಲ್ಲೂ ನಡೆದಿದೆ. ಅಲ್ಲಿ ತಯಾರಾಗುವ ಇನ್ನೋವಾ ಕ್ರಿಸ್ಟಾ ಹಿಂದಿನ ಚಕ್ರದ ಗಾಡಿ. 2022ರಲ್ಲಿ ಬಂದ ಹೈಕ್ರಾಸ್ ಮುಂದಿನ ಚಕ್ರದ್ದು. ಘಾಟಿ ಹತ್ತಲ್ಲ ಅನ್ನುವ ಮಾತು ಇಲ್ಲೂ ಕೇಳಿತು. ಅಳೆಯೋಣ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ಕಡಿದಾದ ರಸ್ತೆಯಲ್ಲಿ, ಮೇಲೆ ಹೇಳಿದ ಅದೇ 1500 ಕಿಲೋ ಕಾರಿನ ಮುಂದಿನ ಚಕ್ರ ಕಳೆದುಕೊಳ್ಳುವ ಭಾರ ಬರೀ 30 ಕಿಲೋ. ಡಾಂಬರಿನ ಘಾಟಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಹಿಂದಿನ ಸೀಟು ತುಂಬಾ ಜನ, ಡಿಕ್ಕಿ ತುಂಬಾ ಸಾಮಾನು, ಮಳೆಗಾಲದಲ್ಲಿ ತೋಟದ ಕೆಸರು ದಾರಿ, ಇವೆಲ್ಲ ಸೇರಿದರೆ ಮಾತ್ರ ಹಿಂದಿನ ಚಕ್ರದ ಗಾಡಿ ಗೆಲ್ಲುತ್ತದೆ. ಅಂಥ ದಾರಿಯಲ್ಲೇ ದಿನಾ ಓಡಾಡುವವರು ಕ್ರಿಸ್ಟಾ ಕೇಳುವುದು ಸರಿಯೇ.

ಈಗ ಬ್ಯಾಟರಿ ಕಾರು ಬಂದು ಇಡೀ ವಾದದ ಬುಡವನ್ನೇ ಅಲ್ಲಾಡಿಸಿದೆ. ಎಂಜಿನ್ ಅಡ್ಡಕ್ಕೆ ತಿರುಗಿದ್ದು ಜಾಗ ಉಳಿಸಲು. ವಿದ್ಯುತ್ ಮೋಟರ್ ಎಷ್ಟು ಚಿಕ್ಕದೆಂದರೆ ಹಿಂದಿನ ಎರಡು ಚಕ್ರಗಳ ನಡುವೆ, ಡಿಕ್ಕಿಯ ನೆಲದ ಕೆಳಗೇ ಅಡಗುತ್ತದೆ. ಬಿಎಂಡಬ್ಲ್ಯುವಿನ ಪುಟ್ಟ ಐ3, 2013ರಲ್ಲೇ ಹಿಂದಿನ ಚಕ್ರದಿಂದ ಓಡಿತು. ಟೈರ್ ಜಾರುವುದನ್ನು ಮೋಟರಿನ ಬಳಿಯೇ ಪತ್ತೆಹಚ್ಚಿ ತಡೆಯುವ ಅದರ ತಂತ್ರವನ್ನೇ ಆಮೇಲೆ ಫ್ರಂಟ್ ವೀಲ್ ಡ್ರೈವ್ 1 ಸೀರೀಸ್‌ಗೂ ಹಾಕಿದರು. 1974ರಲ್ಲಿ ಗಾಲ್ಫ್ ಮೂಲಕ ಮುಂದಿನ ಚಕ್ರವನ್ನು ಮನೆಮನೆಗೆ ತಲುಪಿಸಿದ ಫೋಕ್ಸ್‌ವ್ಯಾಗನ್, 2020ರ ಐಡಿ.3 ಕಾರಿನಲ್ಲಿ ಹಿಂದಿನ ಚಕ್ರಕ್ಕೇ ಮರಳಿತು. ಬಿಎಂಡಬ್ಲ್ಯುವಿನ ಐಎಕ್ಸ್1 ಇಡ್ರೈವ್20 ಮಾತ್ರ ಮುಂದಿನ ಚಕ್ರದಲ್ಲೇ ಇದೆ, ಅದರ ಅಡಿಪಾಯ ಪೆಟ್ರೋಲ್ ಎಕ್ಸ್1 ಕಾರಿನದ್ದೇ ಆದ್ದರಿಂದ.