ಮೇಲೆ ಬರುವಾಗ ಉಸಿರು ಹಿಡಿಯಬೇಡಿ ಮಾರಾಯ್ರೇ

ಮಂಜೇಶ್ವರ, ಕುಂಬಳೆ ಕಡೆಯ ಹುಡುಗರು ನೀರಡಿ ಕೆಲಸ ಮಾಡುವ ಡೈವಿಂಗ್ ಕಲಿಯಲು ಬಂದಾಗ ಮೊದಲು ಹೇಳುವ ಮಾತು ಒಂದೇ. "ಅಣ್ಣಾ, ನಂಗೆ ಎರಡು ನಿಮಿಷ ಉಸಿರು ಹಿಡೀಲಿಕ್ಕೆ ಆಗ್ತದೆ." ಕೆರೆ, ಹೊಳೆಯಲ್ಲಿ ಮುಳುಗಿ ಬೆಳೆದವರು, ಕೆಲವರು ಕಡಲ ಬಂಡೆಯಿಂದ ಕಲ್ಲುಮ್ಮಕಾಯಿ ಅನ್ನುವ ಚಿಪ್ಪುಮೀನು ಕಿತ್ತು ಮಾರಿದವರು. ನೀರಿನ ಹೆದರಿಕೆ ಇಲ್ಲ, ಒಳ್ಳೇದೇ. ಆದರೆ ಕಲಿಸುವಾಗ ನನಗೆ ಜಾಸ್ತಿ ಕಷ್ಟ ಕೊಡುವವರೂ ಇವರೇ.

ದಡದಲ್ಲಿ ಎಳೆದುಕೊಂಡ ಉಸಿರು ಎಷ್ಟು ಆಳಕ್ಕೆ ಹೋಗಿ ಬಂದರೂ ಹೋದಾಗ ಇದ್ದಷ್ಟೇ ಇರುತ್ತದೆ. ಕೆಳಗೆ ಹೆಲ್ಮೆಟ್‌ನಲ್ಲಿ ಉಸಿರಾಡುವ ಗಾಳಿ ಹಾಗಲ್ಲ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಎದೆ ತುಂಬಾ ಎಳೆದ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡರೆ ಅದು ಎಲ್ಲಿಗೆ ಹೋಗಬೇಕು? ಶ್ವಾಸಕೋಶ ಹರಿದು ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಇದಕ್ಕೆ ಸಮುದ್ರವೇ ಬೇಕಂತಿಲ್ಲ, ಈಜುಕೊಳದ ಒಂದೂವರೆ ಮೀಟರ್ ಸಾಕು. ಅದಕ್ಕೇ ಮೊದಲ ವಾರ ಕೊಳದಲ್ಲಿ ಬೇರೆ ಏನೂ ಇಲ್ಲ, "ಆ..." ಅಂತ ಉಸಿರು ಬಿಡುತ್ತಾ ಮೇಲೆ ಬರುವುದು, ಮತ್ತೆ ಹೋಗುವುದು. ಹುಡುಗರಿಗೆ ನಗು. ನಾನು ಅವರ ಬಾಯಿಂದ ಗುಳ್ಳೆ ನಿಂತಿತಾ ಅಂತಷ್ಟೇ ನೋಡುತ್ತಿರುತ್ತೇನೆ.

ಇನ್ನೊಂದು ಪೆಟ್ಟು ನಿಧಾನದ್ದು. ಕೆಳಗೆ ಇದ್ದಷ್ಟು ಹೊತ್ತೂ ನೈಟ್ರೋಜನ್ ಮೈಯೊಳಗೆ ಕರಗುತ್ತಾ ಹೋಗುತ್ತದೆ, ಬೇಗ ಮೇಲೆ ಬಂದರೆ ಗುಳ್ಳೆಯಾಗುತ್ತದೆ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ನೋಡಿ, ನಡುನಡುವೆ ನಿಂತು ನಿಂತು ಬರುವ ಲೆಕ್ಕವನ್ನು 1908ರಲ್ಲಿ ಪ್ರಕಟಿಸಿದರು. ನಾವು ಇವತ್ತು ನೋಡುವ ಟೇಬಲ್‌ಗಳ ಬೇರು ಅಲ್ಲೇ ಇದೆ. ಈಗ ಮೇಲೆ ಬರುವ ವೇಗ ನಿಮಿಷಕ್ಕೆ ಸುಮಾರು 9 ಮೀಟರ್. ಅಂದರೆ 30 ಮೀಟರ್‌ನಿಂದ ಬರಲು ಮೂರು ನಿಮಿಷಕ್ಕಿಂತ ಜಾಸ್ತಿ, ನಡುವೆ ನಿಲ್ಲುವುದು ಬೇರೆ.

ಗಲ್ಫಿಗೆ ಹೋಗಬೇಕು, ಮುಂಬೈ ಕಡಲಿನ ಎಣ್ಣೆಬಾವಿ ಬಾಂಬೆ ಹೈಗೆ ಹೋಗಬೇಕು ಅಂತ ಬರುವವರಿಗೆ ಒಂದು ಮಾತು. ಬೆನ್ನಿಗೆ ಸಿಲಿಂಡರ್ ಕಟ್ಟಿ ಮೀನು ನೋಡುವ ಸ್ಕೂಬಾ ಸರ್ಟಿಫಿಕೇಟ್‌ಗೆ ಅಲ್ಲಿ ಕೆಲಸ ಸಿಗುವುದಿಲ್ಲ. ಅಲ್ಲಿ ಗಾಳಿ, ಮಾತು, ಆಳದ ಅಳತೆ ಎಲ್ಲಾ ಅಂಬಿಲಿಕಲ್ ಅನ್ನುವ ದಪ್ಪ ಪೈಪಿನ ಕಟ್ಟಿನಲ್ಲಿ ಮೇಲಿಂದ ಬರುತ್ತದೆ. ಫೀಸ್ ಕಟ್ಟುವ ಮೊದಲೇ ಅವರು ಕೊಡುವ ಸರ್ಟಿಫಿಕೇಟನ್ನು ಇಮ್ಕಾ, ಅಂದರೆ ಕಡಲ ಕೆಲಸದ ಕಂಪನಿಗಳ ಅಂತರರಾಷ್ಟ್ರೀಯ ಸಂಘ, ಒಪ್ಪುತ್ತದಾ ಅಂತ ಕೇಳಿ. ಮತ್ತೆ, ಕೋರ್ಸ್ ಮುಗಿದ ಕೂಡಲೇ ನೀರಿಗೆ ಇಳಿಸುತ್ತಾರೆ ಅಂದ್ಕೋಬೇಡಿ. ಮೊದಲು ಟೆಂಡರ್ ಕೆಲಸ, ಬೇರೆಯವರ ಅಂಬಿಲಿಕಲ್ ಹಿಡಿದು ಬಿಸಿಲಲ್ಲಿ ನಿಲ್ಲುವುದು. ಬೇಜಾರಿನ ಕೆಲಸವೇ, ಆದರೆ ಡೈವರ್ ಮೇಲೆ ಬರುವ ವೇಗ ನಿಮ್ಮ ಕೈಗೆ ಗೊತ್ತಾಗುವುದು ಅಲ್ಲಿ. ಏಳು ಎಣಿಸುವಷ್ಟರಲ್ಲಿ ಒಂದು ಮೀಟರ್, ಅಷ್ಟೇ ಎಳೆದುಕೊಳ್ಳಬೇಕು.

ನನ್ನದೇ ತಪ್ಪೊಂದಿದೆ. ಹೊಸದರಲ್ಲಿ ಒಂದು ಜೆಟ್ಟಿ ಕೆಲಸದಲ್ಲಿ ಊಟದ ಹೊತ್ತಾಯಿತೆಂದು ಕೊನೆಯ ನಿಲುಗಡೆ ಬಿಟ್ಟು ಮೇಲೆ ಬಂದೆ. ಸಂಜೆ ಮೊಣಕೈ ಒಳಗೇ ಕೊರೆದ ಹಾಗೆ ನೋವು. ಉಳುಕಿರಬೇಕೆಂದು ಅಮ್ಮ ಮುರಿವೆಣ್ಣೆ ತಿಕ್ಕಿದರು, ನಾನೂ ಸುಮ್ನೆ ಮಲಗಿದೆ. ಮರುದಿನ ಚೇಂಬರ್‌ನಲ್ಲಿ 18 ಮೀಟರ್ ಒತ್ತಡಕ್ಕೆ ಹಾಕಿ ಆಕ್ಸಿಜನ್ ಕೊಟ್ಟು ಸುಮಾರು ಐದು ಗಂಟೆ ಕೂರಿಸಿದ ಮೇಲೆ ಸರಿಯಾಯಿತು. ಡೈವ್ ಆದ ದಿನ ಗಂಟು ನೋವು ಬಂದರೆ ಎಣ್ಣೆ ಹುಡುಕಬೇಡಿ, ಸೂಪರ್‌ವೈಸರ್‌ಗೆ ಫೋನ್ ಮಾಡಿ.

ನಮ್ಮೂರಿನವರು ಮರೆಯುವ ಸಂಗತಿ ಇನ್ನೊಂದು, ಘಾಟಿ. ಡೈವ್ ಆದ ಕೂಡಲೇ ವಿಮಾನ ಹತ್ತಬಾರದೆಂದು ಎಲ್ಲರಿಗೂ ಗೊತ್ತು, ಮೇಲೆ ಒತ್ತಡ ಕಡಿಮೆ, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗಬಹುದು. ಆದರೆ ಮಡಿಕೇರಿ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ, ಅಲ್ಲಿಗೆ ಜೀಪಲ್ಲಿ ಹೋದರೂ ಒತ್ತಡ ಕಡಿಮೆಯಾಗುತ್ತದೆ, ಅಲ್ವಾ? ಮೊನ್ನೆ ಒಬ್ಬ ಡೈವ್ ಮುಗಿಸಿ ಹೆಲ್ಮೆಟ್ ತೆಗೆಯುತ್ತಲೇ, "ಅಣ್ಣಾ, ರಾತ್ರಿ ಮಡಿಕೇರಿಯಲ್ಲಿ ದೋಸ್ತಿಯ ರಿಸೆಪ್ಷನ್, ಹೊರಡ್ಲಾ?" ಅಂದ. ಟೇಬಲ್ ತೆಗೆದು ಅವನ ಕೈಗೇ ಕೊಟ್ಟೆ. ಲೆಕ್ಕ ಹಾಕಿದ, ಮುಖ ಸಣ್ಣದು ಮಾಡಿದ, ದೋಸ್ತಿಗೆ ಫೋನ್ ಹಚ್ಚಿದ.